ಸಮುದ್ರದ ನೀರು ತರುವ ಮೊದಲು ನಮ್ಮ ಮೋರಿ ನೋಡೋಣ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಸಭೆಯಲ್ಲಿ ನೀರಿನ ವಿಷಯ ಬಂತು. ಮೂರು ಬೋರ್‌ವೆಲ್‌ಗಳಲ್ಲಿ ಎರಡು ಕೈಕೊಟ್ಟಿವೆ, ಟ್ಯಾಂಕರ್ ಖರ್ಚು ಏರುತ್ತಿದೆ, ಮುಂದಿನ ತಿಂಗಳಿಂದ ಮೇಂಟೆನೆನ್ಸ್ ಜಾಸ್ತಿ ಮಾಡದೆ ವಿಧಿಯಿಲ್ಲ ಅಂತ ಕಾರ್ಯದರ್ಶಿಗಳು ಹೇಳುತ್ತಿದ್ದರು. ಹಿಂದೆ ಕೂತಿದ್ದ ಹಿರಿಯರೊಬ್ಬರು ಎದ್ದು, "ಮಂಗಳೂರಿನಲ್ಲಿ ಅಷ್ಟು ದೊಡ್ಡ ಸಮುದ್ರ ಇದೆ. ಇಸ್ರೇಲಿನವರು ಅದನ್ನೇ ಕುಡೀತಾರೆ, ದುಬೈಯವರು ಅದನ್ನೇ ಕುಡೀತಾರೆ. ಒಂದು ಪೈಪು ಹಾಕಿದ್ರೆ ಮುಗೀತಲ್ವಾ?" ಅಂದರು. ಅರ್ಧ ಸಭೆ ಹೌದು ಹೌದು ಅಂತ ತಲೆಯಾಡಿಸಿತು.

ಅವರ ಮೇಲೆ ನನಗೆ ಸಿಟ್ಟಿಲ್ಲ. 2024ರ ಮಾರ್ಚ್ ಯಾರಿಗೆ ಮರೆಯುತ್ತದೆ ಹೇಳಿ. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಅಂತ ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತಾಯಿತು. 6,000 ಲೀಟರ್ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 600 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತು, ಆದರೆ ನಮ್ಮ ಗೇಟಿಗೆ ಬಂದ ಟ್ಯಾಂಕರಿನವರು ಆ ದರಕ್ಕೆ ಒಂದು ದಿನವೂ ನೀರು ಹಾಕಲಿಲ್ಲ. ಅಂಥ ಬೇಸಿಗೆ ಕಂಡವರಿಗೆ ಎಂದೂ ಬತ್ತದ ಸಮುದ್ರದ ಮೇಲೆ ಆಸೆ ಹುಟ್ಟುವುದು ಸಹಜ. ನನಗೂ ಹುಟ್ಟಿತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. ಸಭೆಯಲ್ಲಿ ಎಲ್ಲವನ್ನೂ ಹೇಳಲು ಆಗಲಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಕತ್ತರಿಸದೆ ಹಾಕಿ.

ನಮ್ಮ ಅಡುಗೆಮನೆ ಸಿಂಕಿನ ಕೆಳಗೆ ಒಂದು ನೀಲಿ ಬಕೆಟ್ ಇದೆ. ಆರ್‌ಒ ಫಿಲ್ಟರಿನ ವೇಸ್ಟ್ ಪೈಪು ಅದರೊಳಗೆ ಬಿಟ್ಟಿದ್ದೇನೆ. ಒಂದು ಬಿಂದಿಗೆ ಕುಡಿಯುವ ನೀರು ತುಂಬುವಷ್ಟರಲ್ಲಿ ಆ ಬಕೆಟ್ಟಿಗೆ ಎರಡು ಬಿಂದಿಗೆಗೂ ಜಾಸ್ತಿ ನೀರು ಬಿದ್ದಿರುತ್ತದೆ. ಹೋದ ವರ್ಷ ಸರ್ವೀಸಿಗೆ ಬಂದ ಹುಡುಗ ಪೆನ್ನಿನಂಥ ಟಿಡಿಎಸ್ ಮೀಟರನ್ನು, ಅಂದರೆ ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಮೀಟರನ್ನು, ಮೂರು ಲೋಟಗಳಲ್ಲಿ ಅದ್ದಿ ತೋರಿಸಿದ. ಬೋರ್ ನೀರು ಲೀಟರಿಗೆ 900 ಮಿಲಿಗ್ರಾಂ. ಕುಡಿಯುವ ನೀರು 60. ಬಕೆಟ್ಟಿನ ನೀರು 1,260. "ಉಪ್ಪು ಎಲ್ಲೂ ಮಾಯ ಆಗಲ್ಲ ಆಂಟಿ, ಆ ಕಡೆ ಇದ್ದದ್ದು ಈ ಕಡೆಗೆ ಬರುತ್ತೆ ಅಷ್ಟೇ" ಅಂದ. ಅಲ್ಲಿವರೆಗೆ ನಾನು ಆ ನೀರನ್ನೇ ಬಾಲ್ಕನಿಯ ಮಲ್ಲಿಗೆ ಗಿಡಕ್ಕೆ ಹಾಕುತ್ತಿದ್ದೆ, ನೀರು ಪೋಲು ಮಾಡುತ್ತಿಲ್ಲ ಅನ್ನುವ ಸಮಾಧಾನದಲ್ಲಿ. ಎಲೆಯ ಅಂಚು ಸುಟ್ಟ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ಕುಂಡದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿತ್ತು. ಬೆರಳಲ್ಲಿ ಕೆರೆದು ನೋಡಿದೆ, ಉಪ್ಪು.

ಸಮುದ್ರದ ನೀರನ್ನು ಸಿಹಿ ಮಾಡುವುದೂ ಇದೇ ಕೆಲಸ, ಬರೀ ದೊಡ್ಡದು. ಸಮುದ್ರದ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಅಂದರೆ ನಮ್ಮ ಬೋರ್ ನೀರಿನ ಮೂವತ್ತೈದು ಪಟ್ಟಿಗೂ ಜಾಸ್ತಿ. ಅಷ್ಟು ಉಪ್ಪನ್ನು ಹಿಂದಕ್ಕೆ ತಡೆದು ನೀರನ್ನು ಮಾತ್ರ ಫಿಲ್ಟರಿನ ತೆಳು ಪೊರೆಯ (ಮೆಂಬ್ರೇನ್) ಆಚೆಗೆ ದಬ್ಬಬೇಕಾದರೆ 55ರಿಂದ 70 ಬಾರ್ ಒತ್ತಡ ಬೇಕು. ಕಾರಿನ ಟೈರಿಗೆ ತುಂಬುವ ಗಾಳಿಯ ಇಪ್ಪತ್ತೈದು ಪಟ್ಟು ಅಂದುಕೊಳ್ಳಿ. ಒತ್ತಡ ಅಂದರೆ ಪಂಪು, ಪಂಪು ಅಂದರೆ ಕರೆಂಟು. ಈಗಿನ ಒಳ್ಳೆಯ ಘಟಕಗಳಿಗೂ ಸಾವಿರ ಲೀಟರಿಗೆ ಸುಮಾರು 3ರಿಂದ 4 ಯುನಿಟ್ ಬೇಕು. ಎಂಜಿನಿಯರುಗಳು ಇದನ್ನು ಬಹಳ ಇಳಿಸಿದ್ದಾರೆ, ಹಿಂದೆ ಇದರ ಎರಡು ಮೂರು ಪಟ್ಟು ಬೇಕಾಗುತ್ತಿತ್ತು. ಆದರೆ ಪ್ರಕೃತಿಯ ನಿಯಮದ ಪ್ರಕಾರವೇ ಸುಮಾರು ಒಂದು ಯುನಿಟ್‌ಗಿಂತ ಕೆಳಗೆ ಇಳಿಸುವುದಕ್ಕೆ ಆಗುವುದಿಲ್ಲ.

ಇಷ್ಟು ಸಮುದ್ರದ ದಡದಲ್ಲಿರುವ ಊರಿನ ಲೆಕ್ಕ. ನಾವಿರುವುದು ದಡದಲ್ಲಲ್ಲ, ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಈಗ ಕಾವೇರಿ ನೀರನ್ನೇ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಅಂತ ಹಂತ ಹಂತವಾಗಿ ನೂರು ಕಿಲೋಮೀಟರ್ ದೂರದಿಂದ ಸುಮಾರು 500 ಮೀಟರ್ ಮೇಲೆತ್ತಿ ತರುತ್ತಿದ್ದೇವೆ. ಜಲಮಂಡಳಿಯ ಖರ್ಚಿನಲ್ಲಿ ಕರೆಂಟ್ ಬಿಲ್ಲೇ ದೊಡ್ಡದು ಅಂತ ಪ್ರತಿಸಲ ದರ ಏರಿಸುವಾಗ ಕೇಳುತ್ತೇವಲ್ಲ, ಕಾರಣ ಇದೇ. ಸಮುದ್ರದಿಂದ ತರುವುದಾದರೆ ಎತ್ತರ ಹೆಚ್ಚುಕಡಿಮೆ ಇಮ್ಮಡಿ, ದಾರಿ ಮೂರೂವರೆ ಪಟ್ಟು, ನಡುವೆ ಪಶ್ಚಿಮ ಘಟ್ಟ. ಸಾವಿರ ಲೀಟರನ್ನು 900 ಮೀಟರ್ ಎತ್ತಲು, ಒಂದು ಹನಿ ಶಕ್ತಿಯೂ ಪೋಲಾಗದಿದ್ದರೂ ಸುಮಾರು 2.45 ಯುನಿಟ್ ಬೇಕು. ಪಂಪಿನಲ್ಲಿ, ಪೈಪಿನಲ್ಲಿ ಕಳೆದುಹೋಗುವುದನ್ನು ಸೇರಿಸಿದರೆ 3 ದಾಟುತ್ತದೆ. ಸಿಹಿ ಮಾಡಿದ್ದೂ ಎತ್ತಿದ್ದೂ ಕೂಡಿಸಿದರೆ ಸಾವಿರ ಲೀಟರಿಗೆ ಆರೂವರೆ, ಏಳು ಯುನಿಟ್.

ದಿನಕ್ಕೆ 10 ಕೋಟಿ ಲೀಟರ್ ತರುತ್ತೇವೆ ಅಂತಿಟ್ಟುಕೊಳ್ಳಿ. ಬೆಂಗಳೂರಿಗೆ ಅದು ಏನೇನೂ ಸಾಲದು, ಕಾವೇರಿ ಐದನೇ ಹಂತ ಒಂದರಲ್ಲೇ ದಿನಕ್ಕೆ 77.5 ಕೋಟಿ ಲೀಟರ್ ಲೆಕ್ಕ. ಆದರೂ ಆ 10 ಕೋಟಿಗೆ ದಿನಕ್ಕೆ 7 ಲಕ್ಷ ಯುನಿಟ್ ಆಗುತ್ತದೆ, ತಿಂಗಳಿಗೆ 2 ಕೋಟಿ 10 ಲಕ್ಷ ಯುನಿಟ್. ಗೃಹಜ್ಯೋತಿಯಲ್ಲಿ ಒಂದು ಮನೆಗೆ ಹೆಚ್ಚೆಂದರೆ 200 ಯುನಿಟ್ ತಾನೇ. ಒಂದು ಲಕ್ಷಕ್ಕೂ ಜಾಸ್ತಿ ಮನೆಗಳ ಪೂರ್ತಿ ಕೋಟಾ ಈ ಒಂದು ಪೈಪಿಗೆ ಹೋಗುತ್ತದೆ. ನಮ್ಮ ದೇಶದ ಕರೆಂಟಿನಲ್ಲಿ ಜಾಸ್ತಿ ಪಾಲು ಈಗಲೂ ಕಲ್ಲಿದ್ದಲಿನದು. ಮಳೆ ಕೈಕೊಡುತ್ತಿದೆ, ಬಿಸಿಲು ಏರುತ್ತಿದೆ ಅಂತ ಸಮುದ್ರದ ಕಡೆ ನೋಡುತ್ತಿದ್ದೇವೆ. ಅದಕ್ಕಾಗಿ ಇನ್ನಷ್ಟು ಕಲ್ಲಿದ್ದಲು ಸುಟ್ಟು ಅದೇ ಬಿಸಿಲನ್ನು ಇನ್ನೂ ಏರಿಸುವುದು ಯಾವ ಲೆಕ್ಕ?

ಕರೆಂಟಿನ ಮಾತು ದುಡ್ಡಿನಲ್ಲಾದರೂ ಮುಗಿಯುತ್ತದೆ. ನನಗೆ ನಿಜವಾಗಿ ಸಂಕಟ ಆಗುವುದು ನೀಲಿ ಬಕೆಟ್ಟಿನ ವಿಷಯಕ್ಕೆ. 10 ಕೋಟಿ ಲೀಟರ್ ಸಿಹಿ ನೀರು ಬೇಕಾದರೆ ಸಮುದ್ರದಿಂದ ಸುಮಾರು 25 ಕೋಟಿ ಲೀಟರ್ ಎಳೆದುಕೊಳ್ಳಬೇಕು. ಉಳಿದ 15 ಕೋಟಿ ಲೀಟರ್ ವಾಪಸ್ ಸಮುದ್ರಕ್ಕೆ, ಲೀಟರಿಗೆ 58 ಗ್ರಾಂ ಹತ್ತಿರ ಉಪ್ಪಿನೊಂದಿಗೆ. ಪೈಪಿನೊಳಗೆ ಚಿಪ್ಪುಹುಳ, ಪಾಚಿ ಕಟ್ಟದಿರಲಿ ಅಂತ ಹಾಕುವ ಕ್ಲೋರಿನ್, ಪೊರೆಯ ಮೇಲೆ ಗಸಿ ಕೂರದಿರಲಿ ಅಂತ ಹಾಕುವ ರಾಸಾಯನಿಕ, ಇವುಗಳ ಉಳಿಕೆಯೂ ಅದರ ಜೊತೆ ಹೋಗುತ್ತದೆ. ಕಡು ಉಪ್ಪುನೀರು ಭಾರ. ಅದು ಮೇಲೆ ತೇಲುವುದಿಲ್ಲ, ತಳಕ್ಕಿಳಿದು ಹಾಸಿಕೊಳ್ಳುತ್ತದೆ. ಅಲೆ, ಸೆಳೆತ ಚೆನ್ನಾಗಿರುವ ಕಡೆ ಬೇಗ ಬೆರೆಯುತ್ತದೆ. ಇಲ್ಲದ ಕಡೆ ತಳದ ನೀರಿಗೆ ಆಮ್ಲಜನಕ ಕಡಿಮೆಯಾಗುತ್ತದೆ, ಅಲ್ಲಿರುವ ಕಪ್ಪೆಚಿಪ್ಪು, ಏಡಿ, ಹುಳಹುಪ್ಪಟೆ ಓಡಿಹೋಗಬೇಕು ಅಥವಾ ಸಾಯಬೇಕು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಸಂಶೋಧಕರು 2019ರ ಆರಂಭದಲ್ಲಿ ಒಂದು ಅಂದಾಜು ಕೊಟ್ಟಿದ್ದರು. ಪ್ರಪಂಚದಲ್ಲಿ ಇಂಥ ಘಟಕಗಳು ಸುಮಾರು 16 ಸಾವಿರ, ದಿನಕ್ಕೆ ತಯಾರಾಗುವ ಸಿಹಿ ನೀರು 9.5 ಕೋಟಿ ಘನ ಮೀಟರ್, ಹೊರಬೀಳುವ ಕಡು ಉಪ್ಪುನೀರು 14.2 ಕೋಟಿ ಘನ ಮೀಟರ್. ಅದರಲ್ಲಿ ಅರ್ಧಕ್ಕೂ ಜಾಸ್ತಿ ಸೌದಿ, ಯುಎಇ, ಕುವೈತ್, ಕತಾರ್, ಈ ನಾಲ್ಕೇ ದೇಶಗಳದ್ದು.

ಇನ್ನು ಸಮುದ್ರದ ನೀರು ಎಳೆದುಕೊಳ್ಳುವ ಪೈಪಿನ ಬಾಯಿ. ನನ್ನ ಅಕ್ಕನನ್ನು ಕೊಟ್ಟಿರುವುದು ಮಲ್ಪೆ ಹತ್ತಿರದ ಒಂದು ಊರಿಗೆ. ಒಂದು ಬೆಳಿಗ್ಗೆ ಅವರ ಮನೆ ಹಿಂದಿನ ಕಡಲ ಕರೆಯಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ನೋಡುತ್ತಾ ನಿಂತಿದ್ದೆ. ಎರಡೂ ಕಡೆ ಇಪ್ಪತ್ತಿಪ್ಪತ್ತು ಜನ, ಹಗ್ಗ ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಹಿಂದೆ ನಡೆಯುತ್ತಾರೆ. ಬಲೆ ಮರಳಿಗೆ ಬಂತು. ಬೂತಾಯಿ, ಬಂಗುಡೆ, ನಡುವೆ ಬೆರಳಿನಷ್ಟುದ್ದದ ಮರಿಗಳು ಹೊಳೆಯುತ್ತಿದ್ದವು. ಭಾವ ಎರಡೂ ಕೈಯಲ್ಲಿ ಮರಿಗಳನ್ನು ಬಾಚಿ ಅಲೆಗೆ ಬಿಟ್ಟರು, ಮತ್ತೆ ಬಾಚಿದರು, ಮತ್ತೆ ಬಿಟ್ಟರು. ಯಾಕೆ ಭಾವ ಅಂತ ಕೇಳಿದೆ. "ಮರಿ ಹಿಡಿದರೆ ನಾಳೆಗೆ ಎಂತ ಉಂಟು?" ಅಂದರು.

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅಂತ. ಮೀನುಗಾರರು ಎರಡು ತಿಂಗಳ ಸಂಪಾದನೆ ಬಿಟ್ಟು ಬಲೆ ಹೊಲಿಯುತ್ತಾ ಕೂರುತ್ತಾರೆ. ಬೂತಾಯಿ, ಬಂಗುಡೆಯ ಮೊಟ್ಟೆಗಳು ನೀರಿನಲ್ಲಿ ತೇಲುವಂಥವು, ಸಾಸಿವೆ ಕಾಳಿಗಿಂತಲೂ ಸಣ್ಣವು. ಘಟಕದ ಬಾಯಿಗೆ ಜರಡಿ ಹಾಕುತ್ತಾರೆ, ದೊಡ್ಡ ಮೀನು ತಪ್ಪಿಸಿಕೊಳ್ಳಬಹುದು, ಮೊಟ್ಟೆ ತಪ್ಪಿಸಿಕೊಳ್ಳುವುದಿಲ್ಲ. ಒಳಗೆ ಹೋದದ್ದು ಸತ್ತ ಹಾಗೆಯೇ. ಆ ಪಂಪಿಗೆ 61 ದಿನದ ರಜೆ ಯಾರು ಕೊಡುತ್ತಾರೆ? ಜೂನ್‌ನಲ್ಲೂ ಬೆಂಗಳೂರಿಗೆ ನೀರು ಬೇಕಲ್ಲ. ಉಪ್ಪು ತಿಂದವರು ನೀರು ಕುಡಿಯಬೇಕು ಅಂತ ನಮ್ಮಲ್ಲಿ ಗಾದೆ. ಇಲ್ಲಿ ನೀರು ಕುಡಿಯುವವರು ನಾವು, ಉಪ್ಪು ತಿನ್ನಬೇಕಾದವರು ಅವರು. ಕರಾವಳಿಯ ಕಡೆ ಹರಿಯುವ ನೀರನ್ನು ಒಳನಾಡಿಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ವಿಷಯದಲ್ಲಿ ಕರಾವಳಿಯವರು ಎಷ್ಟು ಸಲ ಬೀದಿಗಿಳಿದಿದ್ದಾರೆ ಅಂತ ನೆನಪಿರಲಿ. ನದಿ ಆಯಿತು, ಇನ್ನು ಕಡಲನ್ನೂ ಕೇಳುತ್ತೇವೆ ಅಂದರೆ ಅಕ್ಕನ ಮನೆಗೆ ಹೋಗಿ ನಾನು ಯಾವ ಮುಖ ಇಟ್ಟುಕೊಂಡು ಊಟಕ್ಕೆ ಕೂರಲಿ?

ಹಾಗಂತ ಈ ಯಂತ್ರವೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಚೆನ್ನೈಯನ್ನು ನೋಡಿ. ಮಿಂಜೂರಿನಲ್ಲಿ 2010ರಲ್ಲಿ ದಿನಕ್ಕೆ 10 ಕೋಟಿ ಲೀಟರಿನ ಘಟಕ, ನೆಮ್ಮೇಲಿಯಲ್ಲಿ 2013ರಲ್ಲಿ ಇನ್ನೊಂದು 10 ಕೋಟಿಯದು, ಅಲ್ಲೇ 2024ರಲ್ಲಿ 15 ಕೋಟಿಯ ಮತ್ತೊಂದು ಘಟಕ. 2019ರಲ್ಲಿ ಅವರ ಕೆರೆಗಳೆಲ್ಲ ಒಣಗಿ ರೈಲಿನಲ್ಲಿ ನೀರು ತರಿಸಿಕೊಂಡಾಗ ಮೊದಲಿನ ಆ ಎರಡು ಘಟಕಗಳು ಇಲ್ಲದಿದ್ದರೆ ಗತಿ ಏನಾಗುತ್ತಿತ್ತೋ. ದಡದ ಊರು, ಬೇರೆ ದಾರಿ ಕಡಿಮೆ, ಎತ್ತರಕ್ಕೆ ಏರಿಸುವ ಗೋಜಿಲ್ಲ. ಅಷ್ಟಾದರೂ ನೆಮ್ಮೇಲಿ ಸುತ್ತಲಿನ ಮೀನುಗಾರರು ದಡ ಕೊರೆಯುತ್ತಿದೆ, ಮೀನು ದೂರ ಹೋಯಿತು ಅಂತ ದೂರುತ್ತಲೇ ಇದ್ದಾರೆ. ನಮ್ಮ ಮಂಗಳೂರಿನಲ್ಲೇ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ತಣ್ಣೀರುಬಾವಿಯಲ್ಲಿ ದಿನಕ್ಕೆ 3 ಕೋಟಿ ಲೀಟರಿನ ಘಟಕ ಕಟ್ಟಿಕೊಂಡಿದೆ. ಇದು ನನಗೆ ಸರಿ ಅನ್ನಿಸುತ್ತದೆ. ದಡದ ಮೇಲಿನ ಕಾರ್ಖಾನೆ ಸಮುದ್ರದ ನೀರು ಬಳಸಿದರೆ ಬೇಸಿಗೆಯಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರು ಊರಿನವರಿಗೆ ಉಳಿಯುತ್ತದೆ. ಆಸ್ಟ್ರೇಲಿಯಾದ ಪರ್ತ್ ನಗರ 2006ರಲ್ಲಿ ಘಟಕ ಶುರು ಮಾಡಿದಾಗ ಅದಕ್ಕೆ ಬೇಕಾದಷ್ಟು ಕರೆಂಟನ್ನು ಗಾಳಿಯಂತ್ರಗಳ ಘಟಕದಿಂದ ಕೊಂಡುಕೊಂಡಿತು, ಉಪ್ಪುನೀರು ಬಿಡುವ ಜಾಗದಲ್ಲಿ ನೀರಿನ ಆಮ್ಲಜನಕ ಅಳೆಯುವ ವ್ಯವಸ್ಥೆ ಮಾಡಿತು. ಮನಸ್ಸಿದ್ದರೆ ಹಾನಿ ಕಡಿಮೆ ಮಾಡಬಹುದು. ಆದರೆ ಎಲ್ಲಿ, ಯಾರಿಗೆ ಅನ್ನುವುದು ಮುಖ್ಯ.

ಕೆಲವರು ಇನ್ನೊಂದು ಮಾತು ಹೇಳುತ್ತಾರೆ. ತಮಿಳುನಾಡಿನವರು ಸಮುದ್ರದ ನೀರು ಕುಡಿಯಲಿ, ಕಾವೇರಿ ನಮಗೆ ಬಿಡಲಿ ಅಂತ. ಕೇಳಲು ಚೆನ್ನಾಗಿದೆ. ಆದರೆ ಅಲ್ಲಿ ಕಾವೇರಿಯ ಬಹುಪಾಲು ಹೋಗುವುದು ಕುಡಿಯುವುದಕ್ಕಲ್ಲ, ತಂಜಾವೂರಿನ ಭತ್ತಕ್ಕೆ. ಸಾವಿರ ಲೀಟರಿಗೆ 4 ಯುನಿಟ್ ಸುಟ್ಟ ನೀರಿನಲ್ಲಿ ಯಾವ ರೈತನೂ ಭತ್ತ ಬೆಳೆಯಲಾರ. ಆ ಮಾತು ಅಲ್ಲಿಗೇ ಬಿಡೋಣ.

ಈಗ ನಮ್ಮ ಮನೆಯ ಕಡೆ ನೋಡೋಣ. ಅಷ್ಟು ಕಷ್ಟಪಟ್ಟು ಎತ್ತಿ ತಂದ ಕಾವೇರಿ ನೀರಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಲೆಕ್ಕಕ್ಕೇ ಸಿಗುವುದಿಲ್ಲ, ಹಳೆಯ ಪೈಪಿನ ಸೋರಿಕೆ, ಕಳ್ಳ ಕನೆಕ್ಷನ್. ಅದನ್ನು ನಿಲ್ಲಿಸದೆ ಇನ್ನಷ್ಟು ದೂರದಿಂದ ಇನ್ನಷ್ಟು ದುಬಾರಿ ನೀರು ತಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಇನ್ನು ಮನೆಗೆ ಬಂದ ನೀರು ಎಲ್ಲಿ ಹೋಗುತ್ತದೆ? ನಾವು ಬಳಸಿದ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಳಚೆಯಾಗಿ ಮೋರಿಗೆ ಬೀಳುತ್ತದೆ ಅಂತ ಎಂಜಿನಿಯರುಗಳ ಲೆಕ್ಕ. ಅಂದರೆ ದಿನಕ್ಕೆ ನೂರು ಕೋಟಿ ಲೀಟರಿಗೂ ಜಾಸ್ತಿ ನೀರು, ಮಳೆ ಬರಲಿ ಬಿಡಲಿ, ನಮ್ಮ ಊರಿನೊಳಗೇ, 900 ಮೀಟರ್ ಎತ್ತರದಲ್ಲೇ ಹರಿಯುತ್ತಿದೆ. ಎತ್ತುವ ಖರ್ಚು ಆಗಲೇ ಕೊಟ್ಟಾಗಿದೆ. ಕೊಳಚೆ ಶುದ್ಧ ಮಾಡಿದ ನೀರಿನಲ್ಲಿ ಲೀಟರಿಗೆ ಒಂದು ಗ್ರಾಂ ಉಪ್ಪೂ ಇರುವುದು ಕಷ್ಟ. ಹಾಗಾಗಿ ಅದನ್ನು ಪೊರೆಯಲ್ಲಿ ಹಾಯಿಸಿ ಕುಡಿಯುವ ಮಟ್ಟಕ್ಕೆ ತಂದರೂ ಸಾವಿರ ಲೀಟರಿಗೆ ಸುಮಾರು ಒಂದು ಯುನಿಟ್ ಸಾಕು. ಏಳೆಲ್ಲಿ, ಒಂದೆಲ್ಲಿ.

ಅಯ್ಯೋ ಕೊಳಚೆ ನೀರಾ ಅಂತ ಮುಖ ಸಿಂಡರಿಸಬೇಡಿ. ನಮೀಬಿಯಾ ದೇಶದ ರಾಜಧಾನಿ ವಿಂಡ್‌ಹೂಕ್ ನಮ್ಮ ಹಾಗೇ ಸಮುದ್ರದಿಂದ ದೂರ, ನಮಗಿಂತಲೂ ಎತ್ತರ. ಅಲ್ಲಿ 1968ರಿಂದ ಶುದ್ಧ ಮಾಡಿದ ಕೊಳಚೆ ನೀರನ್ನು ಕುಡಿಯುವ ನೀರಿಗೆ ಬೆರೆಸುತ್ತಿದ್ದಾರೆ. ಸುತ್ತ ಸಮುದ್ರವೇ ಇರುವ ಸಿಂಗಪುರ ಮೊದಲು 2003ರಲ್ಲಿ ಬಳಸಿದ ನೀರನ್ನು ಶುದ್ಧ ಮಾಡುವ ನ್ಯೂವಾಟರ್ ಶುರು ಮಾಡಿತು, ಸಮುದ್ರದ ನೀರಿನ ಘಟಕ ಬಂದದ್ದು ಅದಾದ ಮೇಲೆ, 2005ರಲ್ಲಿ. ನಮ್ಮ ಹಿರಿಯರು ಹೆಸರಿಸಿದ ಇಸ್ರೇಲ್ ಕೂಡ ಸಮುದ್ರದ ನೀರು ಕುಡಿದು ಸುಮ್ಮನಾಗುವುದಿಲ್ಲ, ತನ್ನ ಕೊಳಚೆ ನೀರಿನ ಬಹುಪಾಲನ್ನು ಶುದ್ಧ ಮಾಡಿ ಹೊಲಕ್ಕೆ ಕೊಡುತ್ತದೆ. ಆ ಅರ್ಧವನ್ನು ಯಾರೂ ಹೇಳುವುದೇ ಇಲ್ಲ. ನಾವೂ ಏನೂ ಮಾಡಿಲ್ಲ ಅಂತಲ್ಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ದಿನಕ್ಕೆ 44 ಕೋಟಿ ಲೀಟರ್ ಶುದ್ಧೀಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಕಳಿಸುವ ಕೆಲಸ 2018ರಲ್ಲಿ ಶುರುವಾಯಿತು. ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿಯೇ ಕಳಿಸಿ ಅಂತ ಕೋಲಾರದ ರೈತರು ಕೇಳುತ್ತಿದ್ದಾರೆ. ನ್ಯಾಯವಾದ ಮಾತು ಅದು.

ಒಂದು ವಿಷಯ ಮುಚ್ಚಿಡಬಾರದು. ಕೊಳಚೆ ನೀರಿಗೂ ಆರ್‌ಒ ಹಾಕಿದರೆ ಅಲ್ಲೂ ಒಂದು ನೀಲಿ ಬಕೆಟ್ ತುಂಬುತ್ತದೆ, ಅದನ್ನು ಸುರಿಯಲು ನಮ್ಮ ಹತ್ತಿರ ಸಮುದ್ರವೂ ಇಲ್ಲ. ಅದಕ್ಕೇ ಎಲ್ಲ ನೀರನ್ನೂ ಕುಡಿಯುವ ಮಟ್ಟಕ್ಕೆ ತರಬೇಕು ಅಂತ ನಾನು ಹಟ ಮಾಡುವುದಿಲ್ಲ. ಫ್ಲಶ್ಶಿಗೆ, ತೋಟಕ್ಕೆ, ಕಟ್ಟಡ ಕಟ್ಟುವುದಕ್ಕೆ, ಕಾರ್ಖಾನೆಯ ಕೂಲಿಂಗಿಗೆ ಆರ್‌ಒ ಯಾಕೆ ಬೇಕು? ಈ ಕೆಲಸಗಳಿಗೆ ಶುದ್ಧೀಕರಿಸಿದ ನೀರು ಬಳಸಿದರೆ ಅಷ್ಟು ಕಾವೇರಿ ಕುಡಿಯುವುದಕ್ಕೆ ಉಳಿಯಿತು. ಇನ್ನು ಮಳೆ. ಬೆಂಗಳೂರಿನಲ್ಲಿ ವರ್ಷಕ್ಕೆ 970 ಮಿಲಿಮೀಟರ್ ಆಸುಪಾಸು ಬೀಳುತ್ತದೆ. ಥರ್ಟಿ ಫಾರ್ಟಿ ಸೈಟಿನ ಮೇಲೆ ಬೀಳುವುದೇ ಒಂದು ಲಕ್ಷ ಲೀಟರ್ ದಾಟುತ್ತದೆ. ಮಳೆನೀರು ಕೊಯ್ಲು ಕಡ್ಡಾಯ ಅಂತ 2009ರಲ್ಲೇ ಕಾನೂನಾಗಿದೆ. ನಮ್ಮ ಬೀದಿಯಲ್ಲಿ ಎಷ್ಟು ಮನೆಯ ಪೈಪು ನಿಜವಾಗಿ ಗುಂಡಿಗೆ ಇಳಿದಿದೆ, ಎಷ್ಟು ಪೈಪು ರಸ್ತೆಗೆ ಬಿಟ್ಟಿದೆ ಅಂತ ಒಂದು ಮಳೆ ಬಂದ ಸಂಜೆ ಛತ್ರಿ ಹಿಡಿದು ಹೋಗಿ ನೋಡಿ ಬನ್ನಿ.

ಪಾಠ ಹೇಳುವುದಕ್ಕೆ ಮೊದಲು ನಮ್ಮ ಕಟ್ಟಡದ ಕಥೆ ಹೇಳಬೇಕು. ನಮ್ಮಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಇದೆ. ಬಿಲ್ಡರ್ ಫ್ಲಶ್ಶಿಗೆ ಬೇರೆ ಪೈಪೂ ಹಾಕಿಕೊಟ್ಟಿದ್ದಾರೆ. ಆದರೆ ವಾಸನೆ ಬರುತ್ತದೆ, ನೀರು ಹಳದಿ ಅಂತ ನಾಲ್ಕು ವರ್ಷದ ಹಿಂದೆ ಆ ಲೈನ್ ಬಂದ್ ಮಾಡಿ ಫ್ಲಶ್ಶಿಗೂ ಟ್ಯಾಂಕರ್ ನೀರು ಬಿಟ್ಟೆವು. ಶುದ್ಧ ಮಾಡಿದ ನೀರು ಅಷ್ಟೂ ಸೀದಾ ಮೋರಿಗೆ. ಈ ಜನವರಿಯಲ್ಲಿ ನಾವು ಮೂವರು ಹೆಂಗಸರು ಸೇರಿ ಬೇಸ್‌ಮೆಂಟಿಗೆ ಇಳಿದು ನೋಡಿದೆವು. ಕೊಳಚೆಗೆ ಗಾಳಿ ಊದುವ ಬ್ಲೋವರ್ ರಾತ್ರಿ ಹತ್ತಕ್ಕೆ ಆಫ್, ಬೆಳಿಗ್ಗೆ ಆರಕ್ಕೆ ಆನ್. ಕರೆಂಟ್ ಉಳಿಸಿ ಅಂತ ನಮ್ಮ ಸಂಘದವರೇ ಹೇಳಿದ್ದರಂತೆ. ಗಾಳಿ ಇಲ್ಲದಿದ್ದರೆ ಕೊಳಚೆ ತಿನ್ನುವ ಸೂಕ್ಷ್ಮಜೀವಿಗಳು ಸಾಯುತ್ತವೆ, ವಾಸನೆ ಬಾರದೆ ಇನ್ನೇನು. ಒಂದು ತಿಂಗಳು ಬ್ಲೋವರ್ ನಿಲ್ಲಿಸದೆ ಓಡಿಸಲು ಒಪ್ಪಿಸಿದೆವು. ದಿನಾ ಎರಡು ಹೊತ್ತು ಗಾಜಿನ ಲೋಟದಲ್ಲಿ ನೀರು ಹಿಡಿದು, ಮೂಸಿ, ಹಿಂದೆ ಬಿಳಿ ಕಾಗದ ಇಟ್ಟು ಬಣ್ಣ ನೋಡಿ, ಪುಸ್ತಕದಲ್ಲಿ ಬರೆದೆವು. ಹನ್ನೊಂದನೇ ದಿನಕ್ಕೆ ವಾಸನೆ ಹೋಯಿತು. ಕಾಗದ ಬಿಳಿಯಾಗಿಯೇ ಕಂಡಿತು.

ಭಾನುವಾರದ ಸಭೆಯಲ್ಲಿ ಆ ಪುಸ್ತಕ ಮುಂದಿಟ್ಟು ಮತ್ತೆ ಲೈನ್ ಶುರು ಮಾಡೋಣ ಅಂತ ಕೇಳಿದೆವು. 84 ಮನೆಗಳಲ್ಲಿ 53 ಮನೆಯವರು ಕೈ ಎತ್ತಿದರು, 31 ಮನೆಯವರು ಎತ್ತಲಿಲ್ಲ. ಎಲ್ಲರೂ ಒಪ್ಪದೆ ಲೈನ್ ತೆರೆಯುವಂತಿಲ್ಲ ಅಂತ ತೀರ್ಮಾನವಾಯಿತು. ಹಾಗಾಗಿ ಈ ಶನಿವಾರ ಸಂಜೆ ಲೋಟ, ಬಿಳಿ ಕಾಗದ, ಪುಸ್ತಕ ಹಿಡಿದು ಆ 31 ಮನೆಗೂ ಹೋಗುತ್ತಿದ್ದೇವೆ. ಸಮುದ್ರದ ಮಾತು ಎತ್ತಿದ ಹಿರಿಯರ ಮನೆಯಿಂದಲೇ ಶುರು. ನಿನ್ನೆ ಲಿಫ್ಟಿನಲ್ಲಿ ಸಿಕ್ಕಾಗ, "ಬನ್ನಿ ಅಮ್ಮಾ, ಆ ನೀರನ್ನೂ ತನ್ನಿ, ನಾನೂ ಮೂಸಿ ನೋಡ್ತೀನಿ" ಅಂದರು.

ಇಂತಿ,
ನಿಮ್ಮ ದಿನನಿತ್ಯದ ಓದುಗರಲ್ಲೊಬ್ಬಳು,
ಬೆಂಗಳೂರು